ಚದರ ಕಿಲೋಮೀಟರಿಗೆ ಇಪ್ಪತ್ತೇಳು

ನಾಲ್ಕನೇ ಕ್ಲಾಸಿನ ಭೂಗೋಳದಲ್ಲಿ ಸಿವಾಸ್ ಪ್ರಾಂತ್ಯ
ಒಂದೂವರೆ ಪುಟ.
ವಿಸ್ತೀರ್ಣದಲ್ಲಿ ದೇಶಕ್ಕೆ ಎರಡನೆಯದು,
ಸಮುದ್ರ ಯಾವ ದಿಕ್ಕಿಗೂ ಇಲ್ಲ,
ಚದರ ಕಿಲೋಮೀಟರಿಗೆ ಇಪ್ಪತ್ತೇಳು ಜನ.
ಮಕ್ಕಳ ಬಾಯಲ್ಲಿ ಮೂರು ಸಲ ಹೇಳಿಸಿದ್ದೆ,
ಕಣ್ಣಾರೆ ಕಂಡವಳ ಹಾಗೆ.

ಕಂಡಿರಲಿಲ್ಲ. ನಾನು ಕಡಲ ಕಡೆಯವಳು,
ಬೇಲಿಗೊಬ್ಬ ನೆಂಟ ಸಿಗುವ ಆಲಿವ್ ತೋಪಿನವಳು.
ವರ್ಗವಾಗಿ ಬಂದ ದಿನ ಬಸ್ಸಿನ ಕಿಟಕಿಯಲ್ಲಿ
ನಾಲ್ಕು ಗಂಟೆ ಒಂದೇ ಬೆಟ್ಟ ಜೊತೆಗೇ ಓಡಿತ್ತು,
ಯಾರೋ ಅರ್ಧ ಸುಣ್ಣ ಬಳಿದು ಮರೆತ
ಜಿಪ್ಸಮ್ ಬೆಟ್ಟ.

ಅಕ್ಟೋಬರಿನ ಭಾನುವಾರ. ಜನಗಣತಿ.
ದೇಶಕ್ಕೆ ದೇಶವೇ ಮನೆಯೊಳಗಿರಬೇಕು,
ಹೊಸ್ತಿಲು ದಾಟಿದರೆ ದಂಡ.
ಬೀದಿಯಲ್ಲಿ ನಾನು, ಪೆನ್ಸಿಲು, ತೋಳಿಗೆ ಕಟ್ಟಿದ ಪಟ್ಟಿ,
ಮತ್ತೆ ಕಾನೂನು ಓದದ ಕೋಳಿಗಳು.

ಕುರುದೆರೆ ಅಂದರೆ ಒಣಹಳ್ಳ.
ಎರಡು ಚಿಮಣಿಗೆ ಒಂದರಲ್ಲಿ ಮಾತ್ರ ಹೊಗೆಯಾಡುವ ಊರು.
ಇವತ್ತು ಎಲ್ಲವೂ ಕೆಮ್ಮುತ್ತಿವೆ.
ರಾತ್ರಿ ಇಸ್ತಾಂಬುಲಿನಿಂದ ಹದಿನಾಲ್ಕು ಬಸ್ಸು ಬಂದವಂತೆ.
ಎರಡು ಸಾವಿರ ತಲೆ ತೋರಿಸದಿದ್ದರೆ
ಪುರಸಭೆ ಹೋಗುತ್ತದೆ, ಕಸದ ಟ್ರ್ಯಾಕ್ಟರು ಹೋಗುತ್ತದೆ,
ಅಧ್ಯಕ್ಷ ಸೇಫೆತ್ತಿನನ ಕುರ್ಚಿಯೂ.
"ಇವರ ಹೊಕ್ಕುಳಬಳ್ಳಿ ಹೂತಿರೋದು ಇಲ್ಲೇ ಟೀಚರಮ್ಮ,
ಸುಳ್ಳು ಎಲ್ಲಿ ಬಂತು?" ಅಂದ, ಕಿಟಕಿಯಿಂದಲೇ.
ನಿಯಮವೂ ಅವನ ಕಡೆಗೇ:
ಆ ದಿನ ಯಾರು ಎಲ್ಲಿದ್ದಾರೋ ಅಲ್ಲೇ ಎಣಿಸು.

ಬರೆದೆ.
ದುರ್ಸುನ್. ಅಂದರೆ 'ನಿಲ್ಲಲಿ'.
ಅವನಿಗೆ ಮುಂಚೆ ಮೂವರು ನಿಂತಿರಲಿಲ್ಲ.
ಯೆತೆರ್. ಅಂದರೆ 'ಸಾಕು'. ಐದನೆಯ ಹೆಣ್ಣು.
ಅವಳ ಬೆನ್ನಿಗೆ ಸೊಂಗ್ಯುಲ್, 'ಕೊನೆಯ ಗುಲಾಬಿ'.
ಕೊನೆಯದಾಗಲಿಲ್ಲ ಅದೂ.
ದೋಂದು. ಅಂದರೆ 'ತಿರುಗಿತು'.
ಯಾವ ಕಡೆಗೆ? ಫಾರಮಿನಲ್ಲಿ ಕಾಲಂ ಇಲ್ಲ.

ಒಂದೇ ಒಲೆಯ ಸುತ್ತ ಹದಿನೇಳು ಜನ.
"ಐದು ವರ್ಷದ ಹಿಂದೆ ಎಲ್ಲಿದ್ದಿರಿ?"
"ಇಸ್ತ್ರಿಪೆಟ್ಟಿಗೆಯ ಹಿಂದೆ," ಅಂದಳು ಯೆತೆರ್,
"ದಿನಕ್ಕೆ ನಾನ್ನೂರು ಅಂಗಿ.
ಇನ್ನೈದು ವರ್ಷಕ್ಕೆ ಎಲ್ಲಿರ್ತೀಯ ಅಂತ
ಸರ್ಕಾರ ಯಾಕೆ ಕೇಳೋದಿಲ್ಲ?"
ನಗರದ ಮಗುವೊಂದು ಅವಳ ಸೆರಗೆಳೆದು
"ಇದು ಯಾರ ಮನೆ?" ಅಂತ ಪಿಸುಗುಟ್ಟಿತು.
ನಾನು ಮುಂದಿನ ಪ್ರಶ್ನೆಗೆ ಹೋದೆ: ಸ್ವಂತವೋ, ಬಾಡಿಗೆಯೋ.

ಮಧ್ಯಾಹ್ನಕ್ಕೆ ಉಳಿದವನು ಒಬ್ಬನೇ, ಕುರಿ ಕಾಯುವ ಇಮ್ದಾತ್.
ಕುರಿಗಳಿಗೆ ಕರ್ಫ್ಯೂ ಹೇಳುವವರು ಯಾರು?
ಗುಡ್ಡ ಹತ್ತಿದೆ.
ಅಲ್ಲಿ ಒಂದು ಚದರ ಕಿಲೋಮೀಟರು ಇಡಿಯಾಗಿ ಕಣ್ಣಿಗೆ ಬಿತ್ತು:
ಒಣಹುಲ್ಲು, ಗಾಳಿ,
ಕೊರಳಿಗೆ ಕಬ್ಬಿಣದ ಮುಳ್ಳು ತೊಟ್ಟ ಕಪ್ಪುಮೂತಿಯ ನಾಯಿ,
ಅವನು.
ನಾನು ಸೇರಿದರೂ ಇನ್ನು ಇಪ್ಪತ್ತೈದು ಬಾಕಿ.

ಕುರಿ ಎಷ್ಟು, ಅಂತ ಫಾರಮಿನ ಹೊರಗಿನ ಪ್ರಶ್ನೆ ಕೇಳಿದೆ.
"ಎಣಿಸೋದಿಲ್ಲ. ಒಂದು ಇಲ್ಲದಿದ್ದರೆ ಗೊತ್ತಾಗುತ್ತೆ."

ಆಮೇಲೆ ಕೋಲೆತ್ತಿ ತೋರಿಸಿದ.
ಆ ಕಲ್ಲುಗುಪ್ಪೆಯ ಈಚೆ ಬಿದ್ದ ಮಳೆ
ಕೆಂಪುಹೊಳೆ ಕಿಝಿಲಿರ್ಮಾಕ್ ಸೇರಿ,
ಅರ್ಧ ದೇಶ ಬಳಸಿ ಕಪ್ಪುಸಮುದ್ರಕ್ಕೆ.
ಆಚೆ ಬಿದ್ದದ್ದು ಯೂಫ್ರೆಟಿಸಿಗೆ, ಅರಬರ ನಾಡಿಗೆ,
ಅದರಾಚೆ ಅವನಿಗೂ ಗೊತ್ತಿಲ್ಲ.
"ಒಂದೇ ಮೋಡ ಟೀಚರಮ್ಮ.
ಗಾಳಿ ಒಂದು ಮೊಳ ಆ ಕಡೆ ನೂಕಿತೋ,
ಹನಿಗಳು ಮತ್ತೆ ಮುಖ ನೋಡೋದಿಲ್ಲ."
ಪುಸ್ತಕ ಬರೆದವರು ಇಲ್ಲಿಗೆ ಹತ್ತಿ ಬಂದಿರಲಿಕ್ಕಿಲ್ಲ.

ಸಂಜೆ ರೇಡಿಯೋ ಬಾಗಿಲು ತೆಗೆಯಿತು.
ಬಸ್ಸುಗಳು ಎಂಜಿನ್ ಬಿಸಿ ಮಾಡಿಕೊಂಡೇ ನಿಂತಿದ್ದವು.
ಒಟ್ಟು ಎರಡು ಸಾವಿರದ ಹದಿಮೂರು,
ಶಾಯಿಯಲ್ಲಿ, ಸಹಿಯ ಮೇಲೆ.
ಕತ್ತಲಾಗುವ ಹೊತ್ತಿಗೆ
ಎರಡು ಚಿಮಣಿಗೆ ಒಂದು.

ಸೋಮವಾರ ಭೂಗೋಳದ ಪಿರಿಯಡ್ಡು.
ಹಿಂದಿನ ಬೆಂಚಿನ ಹುಡುಗ ಕೇಳಿದ,
"ಟೀಚರ್, ಈಗ ಎಷ್ಟು?"
ಬೋರ್ಡಿನ ಮೇಲೆ ಇಪ್ಪತ್ತೇಳು ಎಂದು ಬರೆದೆ,
ಒರೆಸಿದೆ, ಮತ್ತೆ ಅದನ್ನೇ ಬರೆದೆ.
ಬೆರಳಿಗೆ ಹತ್ತಿದ ಬಿಳಿ ಹುಡಿ
ಆ ಬೆಟ್ಟದ್ದೇ.